ಹಣೆಪಟ್ಟಿ ಬೇಡ, ವಿವರಣೆ ಕೊಡಿ: ಕರ್ನಾಟಕದ ಧರ್ಮಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಮಹಾಧರ್ಮಾಧ್ಯಕ್ಷರಿಗೆ ಮತ್ತು ಕರ್ನಾಟಕದ ಎಲ್ಲ ಧರ್ಮಾಧ್ಯಕ್ಷರಿಗೆ,

ಯೇಸುವಿನ ಹೆಸರಿನಲ್ಲಿ ವಂದನೆಗಳು.

ನಾನು ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವಳು. ಪತ್ರ ಬಿಷಪ್ಪರಾದ ನಿಮ್ಮ ಹೆಸರಿಗಿದೆ. ಆದರೆ ನಮ್ಮ ಜನರೂ ಇದನ್ನು ಓದಿ ಮಾತಾಡಬೇಕು ಅನ್ನುವ ಆಸೆಯಿಂದ ಎಲ್ಲರ ಮುಂದೆ ಇಡುತ್ತಿದ್ದೇನೆ.

ಈಚೆಗೆ ನಮ್ಮ ಹುಡುಗರ ಬಾಯಲ್ಲಿ ಕೆಲವು ಹೊಸ ಪದಗಳು ಓಡಾಡುತ್ತಿವೆ. ‘ಟ್ರ್ಯಾಡ್’ ಅಂದರೆ ಸಂಪ್ರದಾಯವಾದಿ, ‘ಲಿಬರಲ್’ ಅಂದರೆ ಉದಾರವಾದಿ, ‘ಮಾಡರ್ನಿಸ್ಟ್’ ಅಂದರೆ ವಿಶ್ವಾಸವನ್ನು ಹೊಸ ಕಾಲಕ್ಕೆ ಬಗ್ಗಿಸುವವನು ಎಂಬ ಬೈಗುಳ. ಹೆಚ್ಚಿನವು ಅಮೆರಿಕದ ಯೂಟ್ಯೂಬ್ ಚಾನೆಲ್‌ಗಳಿಂದ ಬಂದವು. ಮೊಣಕಾಲೂರಿ ನಾಲಿಗೆಯ ಮೇಲೆ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಂಡವನು ಟ್ರ್ಯಾಡ್. ನಿಂತು ಕೈಯಲ್ಲಿ ತೆಗೆದುಕೊಂಡವಳು ಲಿಬರಲ್. ತಲೆಗೆ ಮುಸುಕು ಹಾಕಿಕೊಂಡರೆ ಒಂದು ಹೆಸರು, ಗಿಟಾರ್ ಹಿಡಿದು ಹಾಡಿದರೆ ಇನ್ನೊಂದು. ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿರುವ ಹುಡುಗನೊಬ್ಬ, “ಟೀಚರ್, ನಾವು ಹೋಗೋ ಪೂಜೆ ನಿಜವಾದ ಪೂಜೆನಾ?” ಅಂತ ಕೇಳಿದ. ಅವನು ತಮಾಷೆಗೆ ಕೇಳಲಿಲ್ಲ. ಅವನಿಗೆ ಭಯವಾಗಿತ್ತು.

ನಮ್ಮ ಹಳ್ಳಿ ಚರ್ಚುಗಳನ್ನು ನೆನೆಸಿಕೊಳ್ಳಿ. ಅಲ್ಲಿ ಹೆಂಗಸರು ತಲೆ ಮೇಲೆ ಸೆರಗು ಹೊದ್ದುಕೊಂಡೇ ಪೂಜೆಗೆ ಬರುತ್ತಾರೆ. ಚಪ್ಪಲಿ ಹೊರಗೆ ಬಿಡುತ್ತಾರೆ. ನೆಲದ ಮೇಲೆ ಕೂರುತ್ತಾರೆ. ಮಾತೆ ಮರಿಯಳಿಗೆ ಮಲ್ಲಿಗೆ ಹಾರ ಹಾಕಿ ಊದಿನಕಡ್ಡಿ ಹಚ್ಚುತ್ತಾರೆ. ಕೈಯಲ್ಲಿ ಜಪಸರ, ಬಾಯಲ್ಲಿ ಕನ್ನಡದ ಹಾಡು. ಇವರು ಟ್ರ್ಯಾಡೋ, ಲಿಬರಲ್ಲೋ? ಅಮೆರಿಕದಲ್ಲಿ ಹುಟ್ಟಿದ ಜಗಳದ ಹೆಸರುಗಳು ಇವರ ಯಾರ ಮೇಲೂ ಕೂರುವುದಿಲ್ಲ. ಆದರೂ ಅದೇ ಹೆಸರುಗಳನ್ನು ಹಿಡಿದುಕೊಂಡು ನಮ್ಮ ಮನೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜನ ಮಾತು ಬಿಡುತ್ತಿದ್ದಾರೆ.

ತಪ್ಪು ಹುಡುಗರದ್ದಲ್ಲ, ಯೂಟ್ಯೂಬಿನದ್ದೂ ಅಷ್ಟಾಗಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಆರಾಧನೆಯಲ್ಲಿ ಏನಾದರೂ ಬದಲಾದಾಗಲೆಲ್ಲ ಅದು ಯಾಕೆ ಬದಲಾಯಿತು ಎಂದು ಜನರಿಗೆ ಕೂತು ಹೇಳಬೇಕಿತ್ತು. ನಾವು ಹೇಳಲಿಲ್ಲ. ಹೇಳದೆ ಬಿಟ್ಟ ಆ ಖಾಲಿ ಜಾಗಕ್ಕೇ ಹಣೆಪಟ್ಟಿಗಳು ಬಂದು ಕೂತಿವೆ. ಇದು ಒಂದು ಸಲ ಆದದ್ದಲ್ಲ, ಎರಡು ತಲೆಮಾರಿನಿಂದ ಮತ್ತೆ ಮತ್ತೆ ಆಗುತ್ತಿದೆ. ಅದರಲ್ಲೊಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮದೇ ಊರಿನಲ್ಲಿ.

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರ ಸಭೆ) ಆರಾಧನೆಯ ಬಗೆಗಿನ ದಾಖಲೆಯನ್ನು ಒಪ್ಪಿಕೊಂಡಿತು. ಪರವಾಗಿ 2,147 ಮತ, ವಿರುದ್ಧ ಬರೀ 4. ಲ್ಯಾಟಿನ್ ಭಾಷೆಯನ್ನು ಉಳಿಸಿಕೊಳ್ಳಬೇಕು ಎಂದು ಆ ದಾಖಲೆಯೇ ಹೇಳುತ್ತದೆ. ಜನರ ಭಾಷೆಗೆ ಜಾಸ್ತಿ ಜಾಗ ಕೊಡಬಹುದು ಎಂದೂ ಅದೇ ಹೇಳುತ್ತದೆ. ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಎನ್ನುತ್ತದೆ. ಬೇರೆ ಬೇರೆ ಜನಾಂಗಗಳ ರೀತಿ ರಿವಾಜುಗಳನ್ನು ಆರಾಧನೆಗೆ ತರಬಹುದು ಎಂದೂ ಬಾಗಿಲು ತೆರೆಯುತ್ತದೆ. ಇವತ್ತು ಜಗಳ ಆಡುವ ಇಬ್ಬರೂ ಆ ಒಂದೇ ದಾಖಲೆಯಿಂದ ತಮಗೆ ಬೇಕಾದ ಸಾಲನ್ನು ಹೆಕ್ಕಿಕೊಳ್ಳುತ್ತಾರೆ, ಉಳಿದದ್ದನ್ನು ಓದುವುದಿಲ್ಲ. ಅದರ ಮುಖ್ಯ ಭಾಗಗಳನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಜನರ ಮುಂದೆ ಓದಿ ವಿವರಿಸಿದ್ದನ್ನು ನಾನು ಕಂಡಿಲ್ಲ.

ಪೋಪ್ ಐದನೇ ಪಿಯುಸ್ 1570ರಲ್ಲಿ ಜಾರಿಗೆ ತಂದಿದ್ದ ಲ್ಯಾಟಿನ್ ಪೂಜಾ ಪುಸ್ತಕ ನಡುವೆ ಸಣ್ಣಪುಟ್ಟ ತಿದ್ದುಪಡಿ ಕಂಡರೂ ಸುಮಾರು 400 ವರ್ಷ ನಡೆದಿತ್ತು. ಪೋಪ್ ಆರನೇ ಪೌಲ್ ಅವರ ಹೊಸ ಪೂಜಾ ಕ್ರಮ 1969ರ ನವೆಂಬರ್ 30ರಿಂದ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದಿಂದ ಜಾರಿಗೆ ಬಂತು. ಆ ದಶಕದೊಳಗೆ ಗುರುಗಳು ಜನರ ಕಡೆ ತಿರುಗಿದರು, ಭಾಷೆ ಬದಲಾಯಿತು, ಎಷ್ಟೋ ಚರ್ಚುಗಳಲ್ಲಿ ಬಲಿಪೀಠದ ಮುಂದಿನ ಕಟಕಟೆ ಹೋಯಿತು. ನನಗೆ ಕನ್ನಡದ ಪೂಜೆ ಎಂದರೆ ಪ್ರಾಣ. ಪವಿತ್ರ ಗ್ರಂಥ ನಮ್ಮ ಭಾಷೆಯಲ್ಲಿ ಕಿವಿಗೆ ಬೀಳುವುದನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ. ಹಾಗಂತ ಆಗ ನೋವು ಪಟ್ಟವರನ್ನು ಹಳೆ ಕಾಲದವರು ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಚಿಕ್ಕಂದಿನಿಂದ ಮೊಣಕಾಲೂರಿ ಕಲಿತ ಪ್ರಾರ್ಥನೆಯ ರೀತಿ ಕೆಲವೇ ವರ್ಷಗಳಲ್ಲಿ ಮಾಯವಾದರೆ ಯಾರಿಗಾದರೂ ನೋವಾಗುತ್ತದೆ, ಅಲ್ವಾ?

ಇನ್ನು ಬೆಂಗಳೂರಿನ ಅಧ್ಯಾಯ. ಅದೇ 1969ರ ಏಪ್ರಿಲ್ 25ರಂದು ಪೂಜೆಯನ್ನು ಭಾರತೀಯ ರೀತಿಗೆ ಹೊಂದಿಸಲು ಭಾರತದ ಧರ್ಮಾಧ್ಯಕ್ಷರು ಕೇಳಿದ್ದ 12 ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಡಿ.ಎಸ್. ಲೂರ್ದುಸ್ವಾಮಿ ಅವರು ಈ ಕೆಲಸದ ಮುಂದಾಳು. ಅವರ ತಮ್ಮ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರು 1967ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮೋಪದೇಶ, ಆರಾಧನೆಗಳ ರಾಷ್ಟ್ರೀಯ ಕೇಂದ್ರ) ಇದರ ಪ್ರಯೋಗಶಾಲೆಯೇ ಆಯಿತು. ಹಚಿನ್ಸ್ ರಸ್ತೆಯ ಆ ಆವರಣದಲ್ಲಿ ಗುಡಿಯ ಮಾದರಿಯಲ್ಲಿ ಕಟ್ಟಿದ ಪ್ರಾರ್ಥನಾಲಯವನ್ನು ನಮ್ಮಲ್ಲಿ ಎಷ್ಟೋ ಜನ ನೋಡಿದ್ದಾರೆ. 12 ಅಂಶಗಳಲ್ಲಿ ಏನಿದೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ನೆಲದ ಮೇಲೆ ಕೂತು ಪೂಜೆಯಲ್ಲಿ ಭಾಗವಹಿಸಬಹುದು, ಪಾದರಕ್ಷೆ ತೆಗೆಯಬಹುದು. ಒಂದು ಮೊಣಕಾಲು ಮಡಿಸುವ ಬದಲು ಕೈಮುಗಿದು ಆಳವಾಗಿ ಬಾಗಬಹುದು. ಪಶ್ಚಾತ್ತಾಪದ ವಿಧಿಯಲ್ಲಿ ಪಂಚಾಂಗ ಪ್ರಣಾಮ ಮಾಡಬಹುದು. ಮುತ್ತಿಡುವ ಬದಲು ವಸ್ತುವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಶಾಂತಿಯ ಗುರುತಿಗೆ ಕೈಮುಗಿಯಬಹುದು. ಧೂಪಕ್ಕೆ ಹಿಡಿಯಿರುವ ಸಾದಾ ಪಾತ್ರೆ ಬಳಸಬಹುದು. ಗುರುಗಳ ಉಡುಪು ಸರಳವಾಗಬಹುದು, ಹೆಗಲ ಮೇಲೆ ಅಂಗವಸ್ತ್ರದ ರೀತಿಯ ಪಟ್ಟಿ ಇರಬಹುದು. ಬಲಿಪೀಠದ ಮೇಲಿನ ಚೌಕ ಬಟ್ಟೆಯ ಬದಲು ತಟ್ಟೆ, ಮೇಣದ ಬತ್ತಿಯ ಬದಲು ಎಣ್ಣೆ ದೀಪ. ಆರಂಭದಲ್ಲಿ ಗುರುಗಳನ್ನು ಆರತಿಯಿಂದ ಸ್ವಾಗತಿಸಬಹುದು. ಜನರ ಕೋರಿಕೆಗಳು ಪುಸ್ತಕದಿಂದಲ್ಲದೆ ಮನಸ್ಸಿನಿಂದ ಬರಬಹುದು. ಕಾಣಿಕೆಯ ಹೊತ್ತಿಗೆ ಮತ್ತು ಮಹಾಪ್ರಾರ್ಥನೆಯ (ರೊಟ್ಟಿ, ದ್ರಾಕ್ಷಾರಸಗಳನ್ನು ಪವಿತ್ರಗೊಳಿಸುವ ಮುಖ್ಯ ಪ್ರಾರ್ಥನೆ) ಕೊನೆಗೆ ಹೂವು, ಧೂಪ, ದೀಪಗಳಿಂದ ಆರತಿ ಎತ್ತಬಹುದು. ಇಷ್ಟೇ. ಎಲ್ಲವೂ ‘ಮಾಡಬಹುದು’ ಎನ್ನುವಂಥವು. ‘ಮಾಡಲೇಬೇಕು’ ಎಂಬುದು ಒಂದೂ ಇಲ್ಲ.

ಇಷ್ಟನ್ನು ಒಂದು ಭಾನುವಾರ ಜನರ ಮುಂದೆ ಇಟ್ಟು, ಯಾಕೆ, ಎಲ್ಲಿಯವರೆಗೆ ಎಂದು ಹೇಳಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು! ಹೆಚ್ಚಿನ ಕಡೆ ಆದದ್ದು ಬೇರೆ. ಜನ ಒಂದು ದಿನ ಚರ್ಚಿಗೆ ಬಂದರು, ಆರತಿ ತಟ್ಟೆ ಕಂಡರು, ಗಾಬರಿಯಾದರು. ಗಾಬರಿಯಾದವರಿಗೆ ‘ನಿಮ್ಮದು ಗುಲಾಮಗಿರಿಯ ಮನಸ್ಸು, ಯುರೋಪಿಗೆ ಅಂಟಿಕೊಂಡವರು’ ಎಂಬ ಹಣೆಪಟ್ಟಿ ಸಿಕ್ಕಿತು. ಆರತಿ ಎತ್ತಿದವರಿಗೆ ‘ಚರ್ಚನ್ನು ಹಿಂದೂ ಗುಡಿ ಮಾಡುತ್ತಿದ್ದೀರಿ’ ಎಂಬ ಆರೋಪ. ಇನ್ನೊಂದು ಕಡೆ, ಒಪ್ಪಿಗೆಯಿಲ್ಲದ ಪ್ರಯೋಗಗಳೂ ಶುರುವಾದವು. ಭಾರತಕ್ಕೆಂದು ಬೇರೆ ಮಹಾಪ್ರಾರ್ಥನೆ ಬಂತು, ಬೈಬಲ್ ಅಲ್ಲದ ಗ್ರಂಥಗಳ ವಾಚನ ಬಂತು. 1975ರಲ್ಲಿ ರೋಮ್ ಅವನ್ನು ನಿಲ್ಲಿಸಲು ಹೇಳಿತು. ಯಾವುದಕ್ಕೆ ಒಪ್ಪಿಗೆ ಇತ್ತು, ಯಾವುದಕ್ಕೆ ಇರಲಿಲ್ಲ ಎಂಬ ಗೆರೆಯೇ ಜನರಿಗೆ ಕಾಣಲಿಲ್ಲ. ಹೀಗಾಗಿ ಇವತ್ತಿಗೂ, ಒಪ್ಪಿಗೆ ಇರುವ ಆರತಿಯ ಒಂದು ಫೋಟೋ ಗುಂಪಿಗೆ ಬಂದರೆ ಸಾಕು, ಅದರ ಕೆಳಗೆ ‘ಸೈತಾನನ ಪೂಜೆ’ ಎಂದು ಬರೆಯುವವರು ಇದ್ದಾರೆ. ಬರೆಯುವವರಿಗೆ ವಯಸ್ಸು 20 ದಾಟಿರುವುದಿಲ್ಲ. ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ.

ಈ ಕಥೆಯಲ್ಲಿ ಮೂರನೆಯ ದನಿಯೊಂದಿದೆ. ಅದನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಧರ್ಮಸಭೆಯಲ್ಲಿ ದಲಿತ ಹಿನ್ನೆಲೆಯ ಜನ ಬಹಳ. ಅವರಲ್ಲಿ ಹಲವರು ಆಗಲೂ ಈಗಲೂ ಕೇಳುವ ಪ್ರಶ್ನೆ ಹೀಗಿದೆ: ‘ಭಾರತೀಯ’ ಎಂದು ನೀವು ತಂದದ್ದು ಯಾರ ಭಾರತ? ಸಂಸ್ಕೃತ ಶ್ಲೋಕ, ಕಾವಿ ಬಟ್ಟೆ, ಆಶ್ರಮ, ಇವು ನಮ್ಮ ಅಜ್ಜ ಅಜ್ಜಿಯರನ್ನು ಹೊರಗೆ ನಿಲ್ಲಿಸಿದ ಜಾತಿಗಳ ಗುರುತುಗಳಲ್ಲವೇ? ನಮ್ಮ ತಮಟೆ ಎಲ್ಲಿ, ನಮ್ಮ ಪದಗಳೆಲ್ಲಿ? ಈ ಪ್ರಶ್ನೆ ಕೇಳಿದವರು ಲ್ಯಾಟಿನ್ ಬೇಕು ಎಂದವರಲ್ಲ. ಆದರೆ ಆರತಿಯನ್ನು ಪ್ರಶ್ನಿಸಿದರು ಎಂಬ ಒಂದೇ ಕಾರಣಕ್ಕೆ ಸಂಪ್ರದಾಯವಾದಿಗಳ ಸಾಲಿಗೆ ಸೇರಿಸಿಬಿಟ್ಟರು. ಹಣೆಪಟ್ಟಿಯಿಂದ ಆಗುವ ದೊಡ್ಡ ಅನ್ಯಾಯ ಇದೇ. ಒಬ್ಬ ಮನುಷ್ಯ ಕೊಡುವ ಕಾರಣವನ್ನು ಕೇಳುವ ಕಷ್ಟವೇ ಉಳಿಯುವುದಿಲ್ಲ. ಈ ಪತ್ರದಲ್ಲಿ ನೀವು ಒಂದೇ ಒಂದು ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ ಈ ಮಾತನ್ನು ತೆಗೆದುಕೊಳ್ಳಿ. ಕಪ್ಪು ಹಲಗೆಯ ಮೇಲೆ ಎರಡು ಕಾಲಂ ಹಾಕಿ ವಿಶ್ವಾಸಿಗಳನ್ನು ವಿಂಗಡಿಸಿದಾಗ ಅಳಿಸಿ ಹೋಗುವವರು ಯಾವಾಗಲೂ ಬಡವರೇ.

‘ಪರಂಪರೆ’ ಎನ್ನುವವರು ಯಾವ ಪರಂಪರೆ ಎಂದೂ ಹೇಳಬೇಕಾಗುತ್ತದೆ. ಮೈಸೂರು ಸೀಮೆಗೆ ಈ ವಿಶ್ವಾಸವನ್ನು ತಂದ ಜೆಸ್ವಿತ್ ಸಂಘದ ಗುರುಗಳು 17ನೇ ಶತಮಾನದಲ್ಲಿ ಸನ್ಯಾಸಿಗಳ ಹಾಗೆ ಬದುಕಿದರು. ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಬರೆದರು. ಆ ರೀತಿಯ ಹೊಂದಾಣಿಕೆಗಳ ಬಗ್ಗೆ ಆಗಲೇ ದೊಡ್ಡ ಜಗಳವಾಯಿತು. 1744ರಲ್ಲಿ ರೋಮ್ ಅವುಗಳಲ್ಲಿ ಹಲವನ್ನು ಕಟ್ಟುನಿಟ್ಟಾಗಿ ತಡೆಯಿತು. ಇಲ್ಲಿಗೆ ಬರುವ ಮಿಷನರಿಗಳು ಅವನ್ನು ಪಾಲಿಸುವುದಿಲ್ಲ ಎಂದು ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ. ಸುಮಾರು 200 ವರ್ಷ! ನಮ್ಮ ಮಣ್ಣಿನ ಕಥೋಲಿಕ ಪರಂಪರೆಯಲ್ಲಿ ಲ್ಯಾಟಿನ್ ಪೂಜೆಯೂ ಇದೆ, ಕಾವಿಯೂ ಇದೆ, ಆ ಕಾವಿಯ ಮೇಲಿನ ಜಗಳವೂ ಇದೆ. ಇದನ್ನು ತಿಳಿದ ಹುಡುಗನಿಗೆ ಯೂಟ್ಯೂಬಿನ ಹಣೆಪಟ್ಟಿ ಸಾಲುವುದಿಲ್ಲ.

ಈಗ ಲ್ಯಾಟಿನ್ ಪೂಜೆ ಕೇಳುವವರ ವಿಷಯಕ್ಕೆ ಬರುತ್ತೇನೆ. ಇವರ ಬಗ್ಗೆ ನನ್ನಂಥವರಲ್ಲಿ ಒಂದು ಅಸಹನೆ ಇದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹಳೆಯ ಪೂಜೆ ಬೇಕು ಎನ್ನುವವರೆಲ್ಲ ಒಂದೇ ರಾಜಕೀಯದವರು ಎಂಬುದು ಸುಳ್ಳು. 1971ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಪೂಜೆಯನ್ನು ಪೂರ್ತಿ ತೆಗೆಯಬೇಡಿ ಎಂದು ಪೋಪ್ ಆರನೇ ಪೌಲ್ ಅವರಿಗೆ ಒಂದು ಮನವಿ ಹೋಯಿತು. ಸಹಿ ಹಾಕಿದವರು ಲೇಖಕರು, ಸಂಗೀತಗಾರರು, ಕಲಾವಿದರು. ಹಲವರು ಕಥೋಲಿಕರೇ ಅಲ್ಲ. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ ಕೂಡ ಅವರಲ್ಲೊಬ್ಬರು. ಪೋಪ್ ಒಪ್ಪಿ ಇಂಗ್ಲೆಂಡಿಗೆ ವಿಶೇಷ ಅನುಮತಿ ಕೊಟ್ಟರು. ಇನ್ನೊಂದು ಕಡೆ, ಫ್ರಾನ್ಸಿನ ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆವ್ರ್ ಅವರು ಮಹಾಸಭೆಯನ್ನೇ ಎದುರು ಹಾಕಿಕೊಂಡರು. 1988ರಲ್ಲಿ ರೋಮಿನ ಮಾತು ಮೀರಿ ನಾಲ್ವರಿಗೆ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟರು. ಬಿರುಕು ದೊಡ್ಡದಾಯಿತು. ಈ ಎರಡು ಗುಂಪು ಒಂದೇ ಅಲ್ಲ. ಹಳೆಯ ಪೂಜೆಯ ಚೆಲುವನ್ನು ಪ್ರೀತಿಸುವುದು ಒಂದು, ಹೊಸ ಪೂಜೆ ಪೂಜೆಯೇ ಅಲ್ಲ ಎನ್ನುವುದು ಬೇರೆಯೇ ಒಂದು. ನಾವು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದೆವು. ಪರಿಣಾಮವಾಗಿ, ಮೊದಲನೆಯ ಗುಂಪಿನ ಎಷ್ಟೋ ಜನ ಎರಡನೆಯ ಗುಂಪಿನ ಕಡೆ ಸರಿದರು.

2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಹಳೆಯ ಕ್ರಮಕ್ಕೆ ದೊಡ್ಡ ಅವಕಾಶ ಕೊಟ್ಟರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅದನ್ನು ಬಿಗಿಗೊಳಿಸಿದರು. ಧರ್ಮಕೇಂದ್ರದ ಚರ್ಚುಗಳಲ್ಲಿ ಬೇಡ, ಹೊಸ ಗುಂಪು ಬೇಡ, ಹೊಸದಾಗಿ ದೀಕ್ಷೆ ಪಡೆದ ಗುರುಗಳು ರೋಮಿನ ಅನುಮತಿಯಿಲ್ಲದೆ ಮಾಡುವಂತಿಲ್ಲ. ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಹಳೆಯ ಪೂಜೆಯನ್ನು ಮಹಾಸಭೆಯ ವಿರುದ್ಧದ ಬಾವುಟ ಮಾಡಿಕೊಂಡವರು ಇದ್ದಾರೆ ಎಂದು ಅವರು ಬರೆದರು, ಅದು ನಿಜ. ಆದರೆ ಆ ನಿರ್ಧಾರಕ್ಕೆ ಆಧಾರ ಎಂದು ಹೇಳಿದ ಧರ್ಮಾಧ್ಯಕ್ಷರ ಸಮೀಕ್ಷೆಯ ಪೂರ್ತಿ ಉತ್ತರಗಳನ್ನು ಜನರ ಮುಂದೆ ಇಡಲಿಲ್ಲ. ಇಲ್ಲೂ ಅದೇ ಆಯಿತು. ನಿರ್ಧಾರ ಬಂತು, ಪೂರ್ತಿ ವಿವರಣೆ ಬರಲಿಲ್ಲ. ಜನ ಊಹೆಗಳಿಂದ ಆ ಜಾಗ ತುಂಬಿಕೊಂಡರು. ಬಿಗಿಗೊಳಿಸಿದ ಮೇಲೆ ಆಸೆ ತಣ್ಣಗಾಯಿತೇ? ಪ್ಯಾರಿಸ್‌ನಿಂದ ಶಾರ್ತ್ರ್‌ಗೆ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಹಳೆಯ ಪೂಜೆಯೊಂದಿಗೆ ನಡೆಯುವ ಪಾದಯಾತ್ರೆಗೆ 2025ರಲ್ಲಿ ಸುಮಾರು 19 ಸಾವಿರ ಜನ ಸೇರಿದರು. ಹೆಚ್ಚಿನವರು ಯುವಕರು.

ಹೊಸ ಪೋಪ್ ಹದಿನಾಲ್ಕನೇ ಲಿಯೋ ಅವರ ದನಿ ನನಗೆ ಭರವಸೆ ಕೊಟ್ಟಿದೆ. ಆರಾಧನೆ ರಾಜಕೀಯದ ಸಲಕರಣೆಯಾಗಿಬಿಟ್ಟಿದೆ ಎಂದು ಅವರು ನೇರವಾಗಿಯೇ ಬೇಸರ ಪಟ್ಟಿದ್ದಾರೆ. ಜೊತೆಗೆ, ಹಳೆಯ ಪೂಜೆ ಕೇಳುವವರ ಜೊತೆ ಕೂತು ಮಾತಾಡುವ ಮಾತನ್ನೂ ಆಡಿದ್ದಾರೆ. 2025ರ ಅಕ್ಟೋಬರ್ 25ರಂದು ಅವರ ಅನುಮತಿಯಿಂದ ಸಂತ ಪೇತ್ರರ ಮಹಾದೇವಾಲಯದಲ್ಲೇ ಕಾರ್ಡಿನಲ್ ಬರ್ಕ್ ಹಳೆಯ ಕ್ರಮದ ಪೂಜೆ ಅರ್ಪಿಸಿದರು. ಪೋಪ್ ಅವರೇ ಕೂತು ಕೇಳಲು ತಯಾರಿದ್ದರೆ ನಮಗೇನು ಅಡ್ಡಿ?

ಹಣೆಪಟ್ಟಿಗಳು ಎಷ್ಟು ಹುಸಿ ಎಂದು ತಿಳಿಯಬೇಕಾದರೆ ಪಕ್ಕದ ಕೇರಳದ ಕಡೆ ನೋಡಬೇಕು. ಬೆಳ್ತಂಗಡಿಯಲ್ಲೂ ಮಂಡ್ಯದಲ್ಲೂ ಧರ್ಮಪ್ರಾಂತ್ಯ ಇರುವ ಸೀರೊ ಮಲಬಾರ್ ಸಭೆ (ತನ್ನದೇ ಆರಾಧನಾ ಕ್ರಮವಿರುವ ಕಥೋಲಿಕ ಸಭೆ) ನಮಗೆ ದೂರದ್ದೇನಲ್ಲ. ಅಲ್ಲಿ ಗುರುಗಳು ಪೂಜೆಯ ಅರ್ಧ ಭಾಗ ಜನರ ಕಡೆ, ಅರ್ಧ ಭಾಗ ಬಲಿಪೀಠದ ಕಡೆ ತಿರುಗಿರಬೇಕು ಎಂದು 1999ರಲ್ಲಿ ಸಿನೊಡ್ (ಆ ಸಭೆಯ ಧರ್ಮಾಧ್ಯಕ್ಷರ ಕೂಟ) ತೀರ್ಮಾನಿಸಿತು. 2021ರ ನವೆಂಬರ್‌ನಲ್ಲಿ ಅದನ್ನು ಎಲ್ಲ ಕಡೆ ಕಡ್ಡಾಯ ಮಾಡಿತು. ಎರ್ನಾಕುಲಂ ಅಂಗಮಾಲಿ ಮಹಾಧರ್ಮಪ್ರಾಂತ್ಯದ ಗುರುಗಳು ಮತ್ತು ಜನ ಒಪ್ಪಲಿಲ್ಲ. 50 ವರ್ಷದಿಂದ ಪೂರ್ತಿ ಜನರ ಕಡೆ ತಿರುಗಿಯೇ ಮಾಡಿದ್ದೇವೆ, ಇದೇ ನಮ್ಮ ಪರಂಪರೆ ಎಂದರು. ಸಿನೊಡ್ ಅದಕ್ಕಿಂತ ಹಳೆಯ ಪರಂಪರೆಯನ್ನು ತೋರಿಸಿತು. ಯಾರು ಸಂಪ್ರದಾಯವಾದಿ, ಯಾರು ಉದಾರವಾದಿ? 2022ರ ಕ್ರಿಸ್ಮಸ್ ಹೊತ್ತಿಗೆ ಅಲ್ಲಿನ ಸೇಂಟ್ ಮೇರಿಸ್ ಬೆಸಿಲಿಕಾದ ಒಳಗೇ ತಳ್ಳಾಟವಾಯಿತು, ಬಾಗಿಲು ಮುಚ್ಚಿತು. 2023ರ ಡಿಸೆಂಬರ್‌ನಲ್ಲಿ ಆ ಸಭೆಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಆಲಂಚೇರಿ ಹುದ್ದೆ ಬಿಟ್ಟರು. 2024ರ ಜುಲೈ ಹೊತ್ತಿಗೆ ಭಾನುವಾರಗಳಂದು ಒಂದು ಪೂಜೆಯಾದರೂ ಹೊಸ ನಿಯಮದಂತೆ ನಡೆಯಲಿ ಎಂಬ ಹೊಂದಾಣಿಕೆಗೆ ಬಂದರು. ಆ ಒಂದು ಮಾತಿಗೆ ಬರುವ ಮೊದಲು ಎಷ್ಟು ಮನಸ್ಸು ಒಡೆದವು! ನಮ್ಮಲ್ಲಿ ಅಷ್ಟರವರೆಗೆ ಹೋಗುವುದು ಬೇಡ ಎಂಬ ಭಯದಿಂದಲೂ ಈ ಪತ್ರ ಬರೆಯುತ್ತಿದ್ದೇನೆ.

ಈಗ ಕನ್ನಡದ ಜನರಿಗೆ ಒಂದು ಮಾತು. ಲ್ಯಾಟಿನ್ ಜಾಗಕ್ಕೆ ಜನರ ಭಾಷೆ ಬರಲಿ ಎಂದಾಗ ಬೆಂಗಳೂರಿನಲ್ಲಿ ಯಾವ ಭಾಷೆ ಎಂಬ ಪ್ರಶ್ನೆ ಎದ್ದಿತು. ತಮಿಳು, ಇಂಗ್ಲಿಷ್, ಕನ್ನಡ, ಕೊಂಕಣಿ, ಮಲಯಾಳಂ, ಎಲ್ಲರೂ ಇಲ್ಲಿದ್ದಾರೆ. ನಮ್ಮ ನೆಲದಲ್ಲಿ ನಮ್ಮ ಭಾಷೆಯಲ್ಲಿ ಒಂದು ಪೂಜೆ ಕೊಡಿ ಎಂದು ಕೇಳಿದ ಕನ್ನಡ ಕ್ರೈಸ್ತರು ದಶಕಗಟ್ಟಲೆ ಹೋರಾಡಬೇಕಾಯಿತು. ಅವರಿಗೆ ಸಿಕ್ಕ ಬಿರುದುಗಳೇನು ಎಂದು ನಮಗೆಲ್ಲ ಗೊತ್ತು. ಗಲಾಟೆ ಮಾಡುವವರು. ಭಾಷಾಂಧರು. ಭಕ್ತಿ ಇಲ್ಲದವರು. ಒಂದು ಪೂಜೆ ಕೇಳಿದ್ದಕ್ಕೆ! ಆ ನೋವನ್ನು ಉಂಡ ನಾವು, ಇವತ್ತು ತಿಂಗಳಿಗೊಂದು ಲ್ಯಾಟಿನ್ ಪೂಜೆ ಕೊಡಿ ಎಂದು ಕೇಳುವ ನಾಲ್ಕು ಹುಡುಗರನ್ನು ಅದೇ ರೀತಿ ಹೀಗಳೆಯಬಾರದು. ಅವರು ಕೇಳುವುದನ್ನು ನಾವು ಒಪ್ಪಬೇಕಾಗಿಲ್ಲ. ಅವರ ಮಾತನ್ನು ಕೇಳಬೇಕು. ಲ್ಯಾಟಿನ್‌ನಲ್ಲಿ ಅವರಿಗೆ ಏನು ಸಿಗುತ್ತಿದೆ ಎಂದು ನಾನು ಕೇಳಿದಾಗ ಹೆಚ್ಚು ಸಲ ಬಂದ ಉತ್ತರ ಮೌನ. ಮೈಕ್ ಇಲ್ಲದ, ಪ್ರಕಟಣೆಗಳಿಲ್ಲದ ಒಂದಷ್ಟು ಹೊತ್ತು. ಆ ದೂರಿನಲ್ಲಿ ಹುರುಳಿದೆ. ನಮ್ಮ ಕನ್ನಡ ಪೂಜೆಯಲ್ಲೂ ಪ್ರಬೋಧನೆಯ ನಂತರ, ಪರಮಪ್ರಸಾದದ ನಂತರ ಸುಮ್ನೆ ಕೂರಲು ನಿಯಮದಲ್ಲೇ ಜಾಗ ಇದೆ. ಅದನ್ನು ಹಾಡುಗಳಿಂದ, ಹಬ್ಬದ ಚೀಟಿಯ ಪ್ರಕಟಣೆಗಳಿಂದ ತುಂಬುತ್ತಿರುವವರು ನಾವೇ.

ಹಳೆಯ ಪೂಜೆಯನ್ನು ಪ್ರೀತಿಸುವ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲೂ ಒಂದು ಬೇಡಿಕೆ. ನಿಮ್ಮ ಅಜ್ಜಿ ಹೋಗುವ ಕನ್ನಡ ಪೂಜೆಯಲ್ಲಿ ಇರುವವನು ಅದೇ ಕ್ರಿಸ್ತ. ಅದನ್ನು ಕಡಿಮೆ ಪೂಜೆ ಎಂದು ಹೇಳುವ ಯಾವ ಚಾನೆಲ್ಲೂ ಧರ್ಮಸಭೆಯ ಮಾತು ಹೇಳುತ್ತಿಲ್ಲ. ಆರತಿ ತಟ್ಟೆ ಹಿಡಿದ ಸಿಸ್ಟರ್‌ಗೆ ಪಾಷಂಡಿ ಎನ್ನಬೇಡಿ. ಅವರ ಕೈಯಲ್ಲಿರುವುದು ರೋಮ್ ಒಪ್ಪಿದ ಆರತಿ.

ಧರ್ಮಾಧ್ಯಕ್ಷರೇ, ನಿಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಕೊರೋನಾ ಬಂದಾಗ ಪರಮಪ್ರಸಾದವನ್ನು ಕೈಯಲ್ಲೇ ತೆಗೆದುಕೊಳ್ಳಿ ಎಂದು ಹೇಳಿದಿರಿ. ಆಗ ಅದು ಸರಿಯಾಗಿತ್ತು. ಕೊರೋನಾ ಹೋಯಿತು, ಮುಂದೇನು ಎಂದು ಎಷ್ಟೋ ಕಡೆ ಹೇಳಲೇ ಇಲ್ಲ. ಒಬ್ಬ ಹುಡುಗಿ ಮೊಣಕಾಲೂರಿದ್ದಕ್ಕೆ ಸಾಲಿನಲ್ಲೇ ಅವಳನ್ನು ಗದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಅಳುತ್ತಾ ಎದ್ದು ಹೋದಳು. ಮೊಣಕಾಲೂರಿದರೆಂದೋ ನಿಂತರೆಂದೋ ಯಾರಿಗೂ ಪರಮಪ್ರಸಾದ ನಿರಾಕರಿಸಬಾರದು, ನಾಲಿಗೆಯ ಮೇಲೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ರೋಮ್ 2004ರಲ್ಲೇ ಬರೆದಿದೆ. ಕೈಯಲ್ಲಿ ಪಡೆಯಲು ಅನುಮತಿ ಇರುವ ಕಡೆ ಅದೂ ಅಷ್ಟೇ ಗೌರವದ ರೀತಿ. ಈ ಎರಡು ಮಾತನ್ನು ಒಂದು ಭಾನುವಾರ ಎಲ್ಲ ಚರ್ಚುಗಳಲ್ಲೂ, ಎಲ್ಲ ಭಾಷೆಗಳಲ್ಲೂ ಓದಿಸಿ. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಲ್ಯಾಟಿನ್ ಪೂಜೆ ಕೇಳಿ ಅರ್ಜಿ ಕೊಟ್ಟವರನ್ನು ಕರೆಸಿ ಕೂರಿಸಿ ಮಾತಾಡಿಸಿ. ಕೊಡಲು ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ಕಾಗದದಲ್ಲಿ ಬರೆದು ಕೊಡಿ. ಕೊಡಬಹುದು ಅನ್ನಿಸಿದರೆ ರೋಮಿಗೆ ಬರೆಯಿರಿ. ಹೊಸ ಕ್ರಮದ ಪೂಜೆಯನ್ನೇ ಲ್ಯಾಟಿನ್‌ನಲ್ಲಿ ಅರ್ಪಿಸಲು ಯಾವ ಹೊಸ ಅನುಮತಿಯೂ ಬೇಡ, ಅದನ್ನಾದರೂ ಶುರು ಮಾಡಬಹುದು. ಜನ ತಮಗೆ ಸೇರಿದ ಭಾಗಗಳನ್ನು ಲ್ಯಾಟಿನ್‌ನಲ್ಲೂ ಹಾಡಲು ಕಲಿಯಲಿ ಎಂದು ಮಹಾಸಭೆಯೇ ಹೇಳಿದೆ. ಕರಾವಳಿಯ ಕೊಂಕಣಿ ಹಿರಿಯರಿಗೆ ‘ತಾಂತುಂ ಎರ್ಗೊ’ ಎಂಬ ಲ್ಯಾಟಿನ್ ಹಾಡು ಈಗಲೂ ಬಾಯಿಪಾಠ. ನಮ್ಮ ಮಕ್ಕಳಿಗೆ ಅಂಥ ನಾಲ್ಕು ಹಾಡು ಕಲಿಸಿದರೆ ಕನ್ನಡಕ್ಕೆ ಏನೂ ನಷ್ಟವಿಲ್ಲ.

ಆರತಿ, ದೀಪ, ಪ್ರಣಾಮ, ಇವನ್ನು ಇಟ್ಟುಕೊಳ್ಳುವ ಕಡೆ ಮೊದಲು ವಿವರಿಸಿ. ವಿವರಿಸುವ ಮೊದಲು ಆ ಧರ್ಮಕೇಂದ್ರದ ಜನರನ್ನು, ಮುಖ್ಯವಾಗಿ ದಲಿತ ಕುಟುಂಬಗಳನ್ನು ಕೇಳಿ. ಅವರಿಗೆ ಬೇಡವಾದರೆ ಬಿಡಿ. ತಮಟೆ ಬೇಕು ಎಂದರೆ ತಮಟೆ ಹೇಗೆ ಬರಬಹುದು ಎಂದು ಅವರ ಜೊತೆಯೇ ಕೂತು ನೋಡಿ. ಮತ್ತು ದಯವಿಟ್ಟು, ಬಲಿಪೀಠದಿಂದ ಮಾಡುವ ಪ್ರಬೋಧನೆಯಲ್ಲಿ ‘ಆ ಟ್ರ್ಯಾಡ್‌ಗಳು’, ‘ಈ ಲಿಬರಲ್‌ಗಳು’ ಎನ್ನುವ ಮಾತು ಬರದಂತೆ ನಿಮ್ಮ ಗುರುಗಳಿಗೆ ತಿಳಿಸಿ. ಮಕ್ಕಳು ಆ ಪದಗಳನ್ನು ಫೋನಿನಲ್ಲಿ ಕೇಳುವುದು ಒಂದು, ಚರ್ಚಿನಲ್ಲಿ ಕೇಳುವುದು ಇನ್ನೊಂದು.

ಇದೆಲ್ಲವನ್ನೂ ಮಕ್ಕಳಿಗೆ ಹೇಳಿಕೊಡಬೇಕಾದವರು ನಾವು, ಧರ್ಮೋಪದೇಶ ಶಿಕ್ಷಕರು. ನಮಗೆ ಯಾರೂ ಇದನ್ನು ಕಲಿಸಿಲ್ಲ. 1963ರ ದಾಖಲೆ, 12 ಅಂಶಗಳು, ಹಳೆಯ ಪೂಜೆಯ ಕ್ರಮ, ಹೊಸದರ ಕ್ರಮ, ಇವನ್ನು ಕನ್ನಡದಲ್ಲಿ ಒಂದು ಸಣ್ಣ ಪುಸ್ತಕವಾಗಿ ತರಿಸಿ. ಈಸ್ಟರ್‌ಗೆ ಮುಂಚೆ ಬರುವ ಮುಂದಿನ ತಪಸ್ಸುಕಾಲದೊಳಗೆ ಎರಡು ಶನಿವಾರ ನಮಗೆ ತರಬೇತಿ ಇಡಿ. ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಿಸಿ. ನಮ್ಮ ಊಟ ನಾವೇ ಕಟ್ಟಿಕೊಂಡು ಬರುತ್ತೇವೆ.

ಈ ಪತ್ರಕ್ಕೆ ಉತ್ತರವನ್ನೂ ಬಹಿರಂಗವಾಗಿಯೇ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಇದರಲ್ಲಿ ನೀವು ಒಪ್ಪದ ಮಾತುಗಳಿದ್ದರೆ, ಯಾಕೆ ಒಪ್ಪುವುದಿಲ್ಲ ಎಂಬುದನ್ನೂ ಬರೆಯಿರಿ.

ನಿಮ್ಮ ಪ್ರಾರ್ಥನೆಯನ್ನು ಬೇಡುತ್ತಾ,
ಒಬ್ಬ ಧರ್ಮೋಪದೇಶ ಶಿಕ್ಷಕಿ
ಬೆಂಗಳೂರು